ಮನೆಯ ಗಾಳಿಯಲ್ಲಿ ಮಾತು

ತೀರ್ಥಹಳ್ಳಿಯ ಆಚೆ, ಎರಡು ಗುಡ್ಡಗಳ ನಡುವಣ ಅಡಿಕೆ ತೋಟದ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಮೊಬೈಲಿನ ಗೋಪುರದ ಅಲೆ ಅವಳ ಅಂಗಳಕ್ಕೆ ಇಳಿಯದು. ಆದರೂ ಪ್ರತಿ ಭಾನುವಾರ ಸಂಜೆ ಬೆಂಗಳೂರಿಗೆ ಅವಳ ಕರೆ ಬರುತ್ತದೆ, ಅದೂ ಎಂದಿನ ಮೊಬೈಲ್ ನಂಬರಿನಿಂದಲೇ. ಊರಿಗೆ ಬಂದಿರುವ ಒಂದು ಕೇಬಲ್, ಜಗಲಿಯ ಗೋಡೆಗೆ ತೂಗುಹಾಕಿದ ಒಂದು ಪುಟ್ಟ ವೈಫೈ ಪೆಟ್ಟಿಗೆ, ಇಷ್ಟರಿಂದ ಅವಳ ಮಾತು ಗುಡ್ಡ ದಾಟುತ್ತದೆ. "ತಮ್ಮಾ, ಕೇಳ್ತದಾ?" ಎಂದು ವಿಚಾರಿಸದೆ ಅವಳು ಮಾತು ಆರಂಭಿಸಿದ್ದೇ ಇಲ್ಲ. ಆ ಪ್ರಶ್ನೆಯ ಹಿಂದೆ ಅರ್ಧ ಶತಮಾನದ ಇತಿಹಾಸವಿದೆಯೆಂದರೆ ಓದುಗರು ನಕ್ಕಾರು. ಆದರೆ ಸಂಗತಿ ನಿಜ.

ಕಥೆ ಮೊದಲಾಗುವುದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ಕಂಪ್ಯೂಟರುಗಳನ್ನು ರೇಡಿಯೋ ಅಲೆಗಳಿಂದ ಒಂದಕ್ಕೊಂದು ಜೋಡಿಸಿದರು. ಅಲ್ಲಿನ ನಮಸ್ಕಾರವಾದ 'ಅಲೋಹಾ' ಎಂಬುದೇ ಆ ಜಾಲದ ಹೆಸರಾಯಿತು. ಅದರ ನಿಯಮ ಬಹು ಸರಳ: ಹೇಳಬೇಕಾದುದನ್ನು ಹೇಳಿಬಿಡು, ಮುಟ್ಟಿತೆಂಬ ಉತ್ತರ ಬಾರದಿದ್ದರೆ ಇನ್ನೊಬ್ಬರ ಮಾತಿಗೆ ಡಿಕ್ಕಿಯಾಯಿತೆಂದು ತಿಳಿದು, ಕೊಂಚ ತಡೆದು ಮತ್ತೆ ಹೇಳು. ಮುಂದೆ ವೈಫೈ ಇದಕ್ಕೆ ಇನ್ನೊಂದು ಸಭ್ಯತೆಯನ್ನು ಸೇರಿಸಿತು. ಬಾಯಿ ತೆರೆಯುವ ಮೊದಲು ಬೇರೆ ಯಾರಾದರೂ ಮಾತನಾಡುತ್ತಿರುವರೇ ಎಂದು ಕಿವಿಗೊಡುವುದೇ ಆ ಸಭ್ಯತೆ.

ಪತ್ರಕ್ಕೆ ಈ ನಿಯಮ ಸಾಕು. ಹತ್ತು ನಿಮಿಷ ತಡವಾದರೂ ಪತ್ರ ಪತ್ರವೇ. ಮಾತಿನ ಗುಣ ಬೇರೆ. 1974ರಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಕ್ಯಾಲಿಫೋರ್ನಿಯದಿಂದ ಮ್ಯಾಸಚೂಸೆಟ್ಸಿಗೆ ಧ್ವನಿಯನ್ನು ಪೊಟ್ಟಣಗಳಾಗಿ ಕಟ್ಟಿ ಕಳುಹಿಸಿದ ಪ್ರಯೋಗದ ಮುಂದಾಳು ಡ್ಯಾನಿ ಕೋಹೆನ್. ಅವರು ಕಂಡುಕೊಂಡ ಸತ್ಯವಿದು: ಮಾತಿನಲ್ಲಿ ಒಂದು ಚೂರು ಕಳೆದರೆ ಕಿವಿ ಕ್ಷಮಿಸುತ್ತದೆ, ತಡವಾಗಿ ಬಂದರೆ ಕ್ಷಮಿಸದು. ಕಳೆದುದನ್ನು ಹುಡುಕಿ ತರಲು ಜಾಲವು ನಿಂತರೆ ಸಂಭಾಷಣೆಯೇ ನಿಂತಂತೆ. ಕೋಹೆನ್ ಮತ್ತಿತರರ ಈ ವಾದದ ಫಲವಾಗಿ 1978ರಲ್ಲಿ ಸಾಗಣೆಯ ಕೆಲಸವನ್ನೂ ಖಾತರಿಯ ಕೆಲಸವನ್ನೂ ಬೇರ್ಪಡಿಸಲಾಯಿತು. ಮರಳಿ ಕಳುಹಿಸುವ ಗೊಡವೆಯಿಲ್ಲದ ಯುಡಿಪಿ ಎಂಬ ಕ್ರಮ 1980ರಲ್ಲಿ ರೂಪುಗೊಂಡಿತು.

ಲೆಕ್ಕ ನೋಡೋಣ. ಟೆಲಿಫೋನಿನ ಸಾಮಾನ್ಯ ರೂಢಿಯಲ್ಲಿ ಧ್ವನಿಯನ್ನು ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, 8,000 ಸಲ ಅಳೆಯುತ್ತಾರೆ. 20 ಮಿಲಿಸೆಕೆಂಡಿಗೊಂದರಂತೆ ಕಟ್ಟಿದರೆ ಸೆಕೆಂಡಿಗೆ 50 ಪೊಟ್ಟಣಗಳಾಗುತ್ತವೆ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಮಾತು ಸಹಜ. ಅದನ್ನು ಬಹಳ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗುತ್ತೇವೆ.

ಅಮೆರಿಕ ಸರ್ಕಾರವು ಲೈಸೆನ್ಸಿಲ್ಲದೆ ಬಳಸಲು ಕೆಲವು ತರಂಗಪಟ್ಟಿಗಳನ್ನು 1985ರಲ್ಲಿ ಬಿಟ್ಟುಕೊಟ್ಟಿತು. ಮೈಕ್ರೋವೇವ್ ಒಲೆಯೂ ಅವುಗಳಲ್ಲೊಂದರ ನಿವಾಸಿ! 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂದಿತು; ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೇರಿತು. ವೇಗ ಬಂದರೂ ಮಾತಿಗೆ ಮರ್ಯಾದೆ ಬರಲಿಲ್ಲ. ಪಕ್ಕದ ಕೋಣೆಯವರು ಚಲನಚಿತ್ರ ತರಿಸಿಕೊಂಡರೆ ಧ್ವನಿ ಮುಗ್ಗರಿಸುತ್ತಿತ್ತು. 2005ರಲ್ಲಿ ಅಂಗೀಕೃತವಾದ ತಿದ್ದುಪಡಿಯು ಧ್ವನಿಗೆ ಕಾಯುವ ಹೊತ್ತನ್ನು ಕಡಮೆ ಮಾಡಿತು. ಬಸ್ಸಿನ ಸಾಲಿನಲ್ಲಿ ಕೈಗೂಸಿನ ತಾಯಿಗೆ ದಾರಿ ಬಿಡುವಂತೆ ಎನ್ನಬಹುದು.

ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸಿನ ಕಟ್ಟು ಬಿಚ್ಚಿದುದೂ 2005ರಲ್ಲೇ. 2019ರ ಡಿಸೆಂಬರಿನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈಫೈ ಕರೆಯನ್ನು ಆರಂಭಿಸಿದವು. ಮನೆಯ ಪೆಟ್ಟಿಗೆಯಿಂದ ಹೊರಟ ಮಾತು ಇಂಟರ್ನೆಟ್ಟಿನೊಳಗೊಂದು ಗುಪ್ತ ಸುರಂಗದಲ್ಲಿ ಸಾಗಿ ಮೊಬೈಲ್ ಕಂಪನಿಯ ಕೇಂದ್ರವನ್ನು ಸೇರುತ್ತದೆ. ಆದುದರಿಂದಲೇ ಅಕ್ಕನ ನಂಬರು ಬದಲಾಗದು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಕಳೆದ ಆಷಾಢದ ಒಂದು ರಾತ್ರಿ ಭಾವನಿಗೆ ಎದೆನೋವು ಕಾಣಿಸಿತು. ಕರೆಂಟು ಹೋಗಿ ಬಹಳ ಹೊತ್ತಾಗಿತ್ತು. ಅಕ್ಕನ ಕೈಯಲ್ಲಿದ್ದ ಮೊಬೈಲಿಗೆ ಜೀವವಿತ್ತು. ಗೋಡೆಯ ಪೆಟ್ಟಿಗೆಗೆ ಇರಲಿಲ್ಲ. ನೆರೆಮನೆಯ ಹುಡುಗ ಆ ಮಳೆಯಲ್ಲಿ ಗುಡ್ಡದ ನೆತ್ತಿಗೆ ಹತ್ತಿ, ಅಲೆ ಸಿಕ್ಕಲ್ಲಿ ನಿಂತು ಜೀಪು ಕರೆಸಿದ. ಭಾವ ಉಳಿದರು. ಹಿಂದೆ ಅದೇ ಜಗಲಿಯಲ್ಲಿದ್ದ ಕಪ್ಪು ಟೆಲಿಫೋನಿಗೆ ಮನೆಯ ಕರೆಂಟಿನ ಹಂಗಿರಲಿಲ್ಲ; ಅದಕ್ಕೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಮಾತಿನ ತಂತಿಯಲ್ಲೇ ಬರುತ್ತಿತ್ತು. ಆ ಹೊಣೆ ಈಗ ನಮ್ಮ ಮನೆಯೊಳಗೆ ಬಂದಿದೆ. ಬಂದುದು ನಮಗೆ ತಿಳಿಯಲೇ ಇಲ್ಲ.

ಮಳೆ ನಿಂತ ಮೇಲೆ ಹೋಗಿ ಪೆಟ್ಟಿಗೆಯ ಪಕ್ಕದಲ್ಲೊಂದು ಬ್ಯಾಟರಿ ಇಟ್ಟುಬಂದೆ. ಮುಂದಿನ ಭಾನುವಾರ ಕರೆ ಬಂದಿತು. "ತಮ್ಮಾ, ಇಲ್ಲಿ ಕರೆಂಟಿಲ್ಲ. ಕೇಳ್ತದಾ?" ಎಂದಳು.

ಕೇಳುತ್ತಿತ್ತು.