ಸಸ್ಯಗಳಿರುವ ಸಿಹಿನೀರಿನ ಅಕ್ವೇರಿಯಂನಲ್ಲಿ ಕಂದು ಪಾಚಿ: ಸಾರ್ವಜನಿಕರಿಗೆ ಮಾಹಿತಿ

ಜಲಸಸ್ಯಗಳನ್ನು ನೆಟ್ಟು ಹೊಸದಾಗಿ ಸಿದ್ಧಪಡಿಸಿದ ಅಕ್ವೇರಿಯಂನಲ್ಲಿ ಎರಡು ಮೂರು ವಾರಗಳೊಳಗೆ ಗಾಜು, ಮರಳು, ಕಲ್ಲು ಹಾಗೂ ಎಲೆಗಳ ಮೇಲೆ ಕಂದು ಬಣ್ಣದ ಹುಡಿಯಂತಹ ಪದರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿದೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಸುರಿದು ಮೀನುಗಳನ್ನು ಕಳೆದುಕೊಂಡವರಿದ್ದಾರೆ. ಈ ಪದರದಿಂದ ಮೀನುಗಳಿಗೆ ನೇರವಾದ ಅಪಾಯವಿಲ್ಲ. ಅದನ್ನು ನಾಶಪಡಿಸಲು ಹಾಕುವ ರಾಸಾಯನಿಕಗಳಿಂದ ಅಪಾಯವಿದೆ. ಆದುದರಿಂದ ಈ ಕೆಳಕಂಡ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ನೀಡಲಾಗಿದೆ.

ಕಂದು ಪಾಚಿ ಎಂದರೇನು?

ರೂಢಿಯಲ್ಲಿ ಕಂದು ಪಾಚಿ ಎಂದು ಕರೆಯಲಾಗುವ ಈ ಪದರವು ಡಯಾಟಮ್ ಎಂಬ ಏಕಕೋಶ ಜೀವಿಗಳ ಸಮೂಹವಾಗಿರುತ್ತದೆ. ನಿಜವಾದ ಕಂದು ಪಾಚಿಗಳು ಬಹುತೇಕ ಸಮುದ್ರವಾಸಿಗಳು. ಮನೆಯ ತೊಟ್ಟಿಯಲ್ಲಿ ಬೆಳೆಯುವುದು ಅವಲ್ಲ. ಡಯಾಟಮ್‌ಗಳು ನೀರಿನಲ್ಲಿ ಕರಗಿರುವ ಸಿಲಿಕಾವನ್ನು ಹೀರಿಕೊಂಡು ತಮ್ಮ ಸುತ್ತ ಗಾಜಿನಂತಹ ಕವಚವನ್ನು ಕಟ್ಟಿಕೊಳ್ಳುತ್ತವೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಪ್ರದೇಶದಲ್ಲಿ ಕೊಳವೆಬಾವಿ ನೀರಿನಲ್ಲಿ ಸಿಲಿಕಾ ಹೆಚ್ಚಿರುವುದು ಸಹಜ. ರಾಜ್ಯದ ಒಳನಾಡಿನ ಬಹುಭಾಗ ಇಂತಹ ಗಟ್ಟಿ ಶಿಲೆಯ ನೆಲವೇ ಆಗಿರುವುದರಿಂದ ಕೊಳವೆಬಾವಿ ನೀರು ಬಳಸುವವರಿಗೆ ಈ ಸಮಸ್ಯೆ ಹೆಚ್ಚಾಗಿ ಕಂಡುಬರಬಹುದು.

ಕಂದಾಗಿ ಕಾಣುವುದೆಲ್ಲವೂ ಡಯಾಟಮ್ ಅಲ್ಲ. ಕೊಳವೆಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದ್ದಲ್ಲಿ ಅದೂ ಕಂದು ಗಸಿಯಾಗಿ ಕೂರುತ್ತದೆ. ಪರೀಕ್ಷಿಸಲು ಬಿಳಿ ಬಕೆಟ್‌ನಲ್ಲಿ ಅದೇ ನೀರನ್ನು ಒಂದು ರಾತ್ರಿ ಇರಿಸಿ ನೋಡತಕ್ಕದ್ದು. ತಳದಲ್ಲಿ ತುಕ್ಕಿನ ಬಣ್ಣ ಕಂಡುಬಂದಲ್ಲಿ ತೊಂದರೆ ನೀರಿನ ಕಬ್ಬಿಣದ್ದು. ಬೆರಳಿನಿಂದ ಸವರಿದೊಡನೆ ಮೋಡದಂತೆ ಎದ್ದು ಹೋಗುವುದು ಡಯಾಟಮ್‌ನ ಲಕ್ಷಣ. ಎಲೆಯ ಅಂಚಿಗೆ ಕಪ್ಪು ಕೂದಲಿನಂತೆ ಬಿಗಿಯಾಗಿ ಅಂಟಿಕೊಂಡಿರುವುದು ಅಥವಾ ದುರ್ವಾಸನೆಯ ನೀಲಿ-ಹಸಿರು ಲೋಳೆಯ ಹಾಳೆಯಂತಿರುವುದು ಬೇರೆ ಬಗೆಯ ಬೆಳವಣಿಗೆಗಳಾಗಿದ್ದು, ಈ ಮಾಹಿತಿಯು ಅವುಗಳಿಗೆ ಅನ್ವಯಿಸುವುದಿಲ್ಲ.

ಹೊಸ ತೊಟ್ಟಿಯಲ್ಲಿ ಕೈಗೊಳ್ಳಬೇಕಾದ ಕ್ರಮ

ಮೀನಿನ ಮಲಮೂತ್ರ ಮತ್ತು ಉಳಿದ ಆಹಾರದಿಂದ ಅಮೋನಿಯಾ ಉಂಟಾಗುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಪರಿವರ್ತಿಸುವ ಉಪಯುಕ್ತ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು ಹಾಗೂ ಮರಳಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ವೇಳೆಗೆ ಸಸ್ಯಗಳೂ ಬೇರೂರಿರುವುದಿಲ್ಲ. ಈ ಎಡೆಯಲ್ಲಿಯೇ ಡಯಾಟಮ್ ತಲೆಯೆತ್ತುತ್ತದೆ. ತೊಟ್ಟಿ ನೆಲೆಗೊಂಡು ಸಸ್ಯಗಳು ಬೆಳೆಯತೊಡಗಿದಂತೆ ಬಹುತೇಕ ತೊಟ್ಟಿಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಆದುದರಿಂದ ಮೊದಲ ಎರಡು ತಿಂಗಳು ಒರೆಸುವುದು, ನೀರು ಬದಲಿಸುವುದು ಮತ್ತು ಕಾಯುವುದು ಸಾಕು. ಕಾಯುವುದೇ ಇವುಗಳಲ್ಲಿ ಕಷ್ಟದ ಕೆಲಸ.

ಗಾಜನ್ನು ಮೆತ್ತನೆಯ ಸ್ಪಂಜಿನಿಂದ, ಎಲೆಗಳನ್ನು ಎರಡು ಬೆರಳುಗಳ ನಡುವೆ ಮೃದುವಾಗಿ ಸವರಿ ಸ್ವಚ್ಛಗೊಳಿಸಬೇಕು. ಒರೆಸಿದ ಮೇಲೆ ಎದ್ದ ಕಂದು ಹುಡಿಯನ್ನು ಹಾಗೆಯೇ ಬಿಟ್ಟರೆ ಅದು ಮತ್ತೆ ತಳದಲ್ಲಿ ಕೂರುತ್ತದೆ. ಕೂಡಲೇ ಕೊಳವೆಯಿಂದ ನೀರಿನೊಡನೆ ಹೀರಿ ಹೊರಹಾಕತಕ್ಕದ್ದು. ವಾರಕ್ಕೊಮ್ಮೆ ಶೇಕಡ 25 ರಿಂದ 30 ರಷ್ಟು ನೀರು ಬದಲಿಸುವುದು ಸೂಕ್ತ. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 1000 ದಿಂದ ಭಾಗಿಸಿದರೆ ಲೀಟರ್ ಲೆಕ್ಕ ದೊರೆಯುತ್ತದೆ. ಉದಾಹರಣೆಗೆ 60, 30, 30 ಸೆಂಟಿಮೀಟರ್ ಅಳತೆಯ ತೊಟ್ಟಿ 54 ಲೀಟರ್ ಹಿಡಿಯುತ್ತದೆ. ಬದಲಿಸಬೇಕಾದುದು ಸುಮಾರು 16 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬಕೆಟ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ತೆರೆದ ಪಾತ್ರೆಯಲ್ಲಿ ಒಂದು ದಿನ ಇರಿಸಿ ಅಥವಾ ಕ್ಲೋರಿನ್ ನಿವಾರಕ ಬೆರೆಸಿ ಬಳಸಬೇಕು.

ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ಮರುಜೋಡಿಸಬೇಕು. ತಪ್ಪಿದಲ್ಲಿ ಉಪಯುಕ್ತ ಬ್ಯಾಕ್ಟೀರಿಯಾಗಳು ನಾಶವಾಗಿ ತೊಟ್ಟಿ ಮತ್ತೆ ಮೊದಲ ದಿನದ ಸ್ಥಿತಿಗೆ ಮರಳುತ್ತದೆ. ಇದೇ ಕಾರಣಕ್ಕೆ ಇಡೀ ತೊಟ್ಟಿಯನ್ನು ಖಾಲಿ ಮಾಡಿ ಉಜ್ಜಿ ತೊಳೆಯುವುದೂ ಸರಿಯಲ್ಲ.

ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆ ಉರಿಸಿದರೆ ಸಾಕು. ಡಯಾಟಮ್ ಮಂದ ಬೆಳಕಿನಲ್ಲಿಯೂ ಬದುಕುವುದರಿಂದ ದೀಪ ಆರಿಸುವುದರಿಂದ ಅದಕ್ಕಿಂತ ಮೊದಲು ಸಸ್ಯಗಳೇ ಸೊರಗುತ್ತವೆ. ನಮ್ಮ ಕೆರೆಗಳಲ್ಲಿಯೇ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾದಂತಹ ವೇಗವಾಗಿ ಬೆಳೆಯುವ ಸಸ್ಯಗಳು ಪೋಷಕಾಂಶಗಳನ್ನು ಹೀರಿಕೊಂಡು ಸಹಾಯ ಮಾಡುತ್ತವೆ. ಅನುಬಿಯಾಸ್, ಜಾವಾ ಫರ್ನ್ ನಿಧಾನವಾಗಿ ಬೆಳೆಯುವ ಕಾರಣ ಅವುಗಳ ಎಲೆಗಳ ಮೇಲೆಯೇ ಕಂದು ಪದರ ಹೆಚ್ಚು.

ಮೂರು ತಿಂಗಳ ನಂತರವೂ ಹೋಗದಿದ್ದಲ್ಲಿ

ನೀರಿನ ಮೂಲವನ್ನು ಪರಿಶೀಲಿಸತಕ್ಕದ್ದು. ಕುದಿಸುವುದರಿಂದ ಅಥವಾ ಗಡಸುತನ ನಿವಾರಕ ಯಂತ್ರದಿಂದ ಸಿಲಿಕಾ ಹೋಗುವುದಿಲ್ಲ, ಆರ್.ಓ. ಘಟಕದ ನೀರಿನಲ್ಲಿ ಬಹುಮಟ್ಟಿಗೆ ಕಡಿಮೆಯಾಗಿರುತ್ತದೆ. ಬರಿಯ ಆರ್.ಓ. ನೀರಿನಲ್ಲಿ ಲವಣಗಳೂ ಇರುವುದಿಲ್ಲವಾದ್ದರಿಂದ ಅದನ್ನು ಸಾಮಾನ್ಯ ನೀರಿನೊಡನೆ ಬೆರೆಸಿಯೇ ಬಳಸಬೇಕು. ಅತಿಯಾದ ಆಹಾರ ಮತ್ತು ಮೀನುಗಳ ದಟ್ಟಣೆಯೂ ಕಾರಣವಾಗಿರಬಹುದು.

ಮಾಡಬಾರದ ಕೆಲಸಗಳು

ತಾಮ್ರದ ಸಲ್ಫೇಟ್ ಅಥವಾ ತಾಮ್ರವಿರುವ ಪಾಚಿನಾಶಕವನ್ನು ಬಳಸಬಾರದು. ಸಿಗಡಿ ಹಾಗೂ ಬಸವನಹುಳುಗಳು ಅಲ್ಪ ಪ್ರಮಾಣದ ತಾಮ್ರಕ್ಕೂ ಸಾಯುತ್ತವೆ. ಮೆದು ನೀರಿನಲ್ಲಿ ಮೀನುಗಳಿಗೂ ಅದು ವಿಷ. ಡಯಾಟಮ್ ಬ್ಯಾಕ್ಟೀರಿಯಾ ಅಲ್ಲವಾದ್ದರಿಂದ ಪ್ರತಿಜೈವಿಕ ಮಾತ್ರೆಗಳಿಂದ ಪ್ರಯೋಜನವಿಲ್ಲ.

ಪಾಚಿ ತಿನ್ನುತ್ತದೆಯೆಂದು ಅಂಗಡಿಗಳಲ್ಲಿ ಮಾರುವ ಸಕ್ಕರ್ ಮೀನಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬೆರಳುದ್ದದ ಈ ದಕ್ಷಿಣ ಅಮೆರಿಕದ ಮೀನು 40 ಸೆಂಟಿಮೀಟರ್‌ಗೂ ಮೀರಿ ಬೆಳೆಯಬಲ್ಲದು. ತೊಟ್ಟಿಯಲ್ಲಿ ಹಿಡಿಸದಾದಾಗ ಜನರು ಕರುಣೆಯಿಂದಲೇ ಕೆರೆಗೆ ಬಿಡುತ್ತಾರೆ. ಹೀಗೆ ಬಿಟ್ಟ ಮೀನುಗಳು ದೇಶದ ಹಲವು ಕೆರೆ, ನದಿಗಳಲ್ಲಿ ಸಂತಾನ ಬೆಳೆಸಿ, ದಡಗಳಲ್ಲಿ ಬಿಲ ಕೊರೆದು, ಗಡುಸಾದ ಮುಳ್ಳುಗಳಿಂದ ಮೀನುಗಾರರ ಬಲೆ ಹರಿಯುತ್ತಿವೆ. ಇವುಗಳನ್ನು ಯಾವುದೇ ಸಂದರ್ಭದಲ್ಲಿ ಕೆರೆ, ಕಾಲುವೆ, ಬಾವಿಗಳಿಗೆ ಬಿಡಬಾರದು. ಮಾರಿದ ಅಂಗಡಿಗೆ ಅಥವಾ ದೊಡ್ಡ ತೊಟ್ಟಿ ಹೊಂದಿರುವ ಸಾಕಣೆದಾರರಿಗೆ ಒಪ್ಪಿಸಬೇಕು. ಬದಲಿಗೆ ನೆರೈಟ್ ಬಸವನಹುಳು ಸಾಕು. ಅದರ ಮೊಟ್ಟೆಗಳಿಂದ ಸಿಹಿನೀರಿನಲ್ಲಿ ಮರಿಗಳು ಬೆಳೆಯುವುದಿಲ್ಲ. ನಾಲ್ಕೈದು ಸೆಂಟಿಮೀಟರ್‌ನ ಓಟೋಸಿಂಕ್ಲಸ್ ಮೀನು ಡಯಾಟಮ್ ತಿನ್ನುತ್ತದೆಯಾದರೂ ಹೊಸ ತೊಟ್ಟಿಯಲ್ಲಿ ಉಳಿಯುವುದು ಕಷ್ಟ.

ಮೀನುಗಳು ಸಾಯುತ್ತಿದ್ದಲ್ಲಿ ಹತ್ತಿರದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ಹೋಗುವಾಗ ತೊಟ್ಟಿಯ ಅಳತೆ, ಸ್ಥಾಪಿಸಿದ ದಿನಾಂಕ, ನೀರಿನ ಮೂಲ, ಮೀನುಗಳ ಸಂಖ್ಯೆ ಹಾಗೂ ಈಗಾಗಲೇ ಹಾಕಿದ ಔಷಧಿಯ ಹೆಸರನ್ನು ಬರೆದುಕೊಂಡು, ಶುಭ್ರವಾದ ಬಾಟಲಿಯಲ್ಲಿ ಒಂದು ಲೀಟರ್ ತೊಟ್ಟಿಯ ನೀರನ್ನು ಕೊಂಡೊಯ್ಯುವುದು. ಹಾಕಿದ ಔಷಧಿಯನ್ನು ಸಂಕೋಚದಿಂದ ಮುಚ್ಚಿಟ್ಟಲ್ಲಿ ಕಾರಣ ಪತ್ತೆ ಮಾಡುವುದು ಕಷ್ಟವಾಗುತ್ತದೆ.