ಕೆಸುವಿನ ಎಲೆಯ ಹನಿ

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಸುರಿದ ಮಳೆ ಆಗಷ್ಟೇ ಹೊಳವಾಗಿತ್ತು. ದಾಂಡೇಲಿಯ ನಮ್ಮ ಹಿತ್ತಲಲ್ಲಿ ನಾನು ಕುಕ್ಕರುಗಾಲಿನಲ್ಲಿ ಕೂತು, ಉಸಿರು ಬಿಗಿಹಿಡಿದು, ಕೆಸುವಿನ ಎಲೆಯೊಂದಕ್ಕೆ ಮೊಬೈಲು ಹಿಡಿದಿದ್ದೆ. ಬೇಲಿಯಾಚೆಯಿಂದ ಹಾಲಿನವನು, "ಅಕ್ಕೋರೆ, ಕಿವಿಯೋಲೆ ಬಿತ್ತೇನ್ರಿ? ಹುಡುಕ್ಲಿಕ್ಕೆ ಬರ್ಲಾ?" ಎಂದು ಕೇಳಿದ. ನೀರಿನ ಹನಿಯ ಫೋಟೊ ತೆಗೆಯುತ್ತಿದ್ದೇನೆ ಎನ್ನಲು ನಾಚಿಕೆಯಾಗಿ, "ಬೇಡಪ್ಪಾ, ಸಿಕ್ಕಿತು" ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದವಳು ಹೀಗೆ ಸುಳ್ಳು ಹೇಳಬಾರದಿತ್ತು. ಆದರೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ನಮ್ಮ ಹಿತ್ತಲಲ್ಲಿ ದಾಸವಾಳವಿದೆ, ಅಬ್ಬಲಿಗೆಯಿದೆ, ಬಾಳೆಯಿದೆ. ದಾಸವಾಳದ ಎಲೆಯ ಮೇಲೆ ಬಿದ್ದ ಹನಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಕೆಸುವಿನ ಮೇಲೆ ಮಾತ್ರ ಮುತ್ತಿನಂತೆ ದುಂಡಗೆ ನಿಂತು, ಎಲೆ ಅಲುಗಿದರೆ ಉರುಳಿಹೋಗುತ್ತದೆ. ತಾವರೆ ಎಲೆಯ ಗುಣವೂ ಇದೇ. ಇದಕ್ಕೆ ಕಾರಣವನ್ನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲೊಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರವಾಗಿ ತೋರಿಸಿಕೊಟ್ಟರು. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಲೇಪವಿದೆ. ಹನಿಯ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರು ಎಲೆಗೆ ಅಂಟುವುದಿಲ್ಲ. ಉರುಳುವಾಗ ಧೂಳನ್ನೂ ಒಯ್ಯುತ್ತದೆ. ಅಂಟಿಯೂ ಅಂಟದಂತೆ ಬದುಕಬೇಕು ಎನ್ನುವಾಗ ನಮ್ಮ ಹಿರಿಯರು ಈ ಎಲೆಗಳನ್ನೇ ತೋರಿಸುತ್ತಿದ್ದರು.

ಹನಿಯ ಚಿತ್ರಕ್ಕೆ ಬಿಸಿಲು ಒಳ್ಳೆಯದಲ್ಲ, ತೆಳು ಮೋಡದ ಬೆಳಕು ಬೇಕು. ಎಲೆಯ ತುದಿಯಲ್ಲಿ ತೂಗುವ ಹನಿಯಾದರೆ ಇನ್ನೊಂದು ಚೋದ್ಯವಿದೆ. ಅದು ಭೂತಗನ್ನಡಿಯಂತೆ ಬೆಳಕನ್ನು ಬಾಗಿಸಿ, ಹಿಂದಿರುವುದನ್ನೆಲ್ಲ ತಲೆಕೆಳಗಾಗಿ ತನ್ನೊಳಗೆ ತೋರಿಸುತ್ತದೆ. ನಮ್ಮ ತುಳಸಿಕಟ್ಟೆ, ಹೆಂಚಿನ ಮಾಡು, ಬಾಗಿಲಲ್ಲಿ ನಿಂತ ಆಯಿ, ಎಲ್ಲರೂ ಎಳ್ಳಿನಷ್ಟು ಜಾಗದಲ್ಲಿ.

ಈ ಹುಚ್ಚು ನನ್ನೊಬ್ಬಳದೇ ಎಂದುಕೊಂಡಿದ್ದೆ. ಓದಿದರೆ, ಹಿಂದೆಯೇ ಒಬ್ಬ ರೈತನಿಗೆ ಹಿಡಿದಿತ್ತು. ಅಮೆರಿಕದ ವರ್ಮಾಂಟಿನ ಜೆರಿಕೊ ಎಂಬ ಊರಿನ ವಿಲ್ಸನ್ ಬೆಂಟ್ಲಿ (1865-1931). ಅವನ ತಾಯಿ ಶಾಲೆಯಲ್ಲಿ ಕಲಿಸಿದ್ದವಳು. ಮಗನಿಗೆ ಸೂಕ್ಷ್ಮದರ್ಶಕ ಕೊಟ್ಟವಳು ಅವಳೇ. 1885ರಲ್ಲಿ ಅವನು ಅದಕ್ಕೆ ಕ್ಯಾಮರಾ ಜೋಡಿಸಿ ಹಿಮದ ಹರಳೊಂದರ ಚಿತ್ರ ತೆಗೆದ. ಮುಂದೆ ಅಂಥವು 5,000ಕ್ಕೂ ಹೆಚ್ಚಾದವು. ಇಬ್ಬನಿಯ ಚಿತ್ರಗಳನ್ನೂ ತೆಗೆದ. ಮಳೆಹನಿಯ ಗಾತ್ರ ಅಳೆಯಲು ತಟ್ಟೆಯಲ್ಲಿ ಹಿಟ್ಟು ಹರವಿ ಮಳೆಗೆ ಹಿಡಿದು, ಹನಿ ಬಿದ್ದಲ್ಲಿ ಕಟ್ಟಿದ ಪುಟ್ಟ ಉಂಡೆಗಳನ್ನು ಅಳೆದು, 1904ರಲ್ಲಿ ಅದನ್ನು ಪ್ರಕಟಿಸಿದ. ನೆರೆಯವರ ಕಣ್ಣಿಗೆ ಅವನೊಬ್ಬ ವಿಚಿತ್ರ ಮನುಷ್ಯ. ಕರಗಿಹೋಗುವ ವಸ್ತುವಿಗೆ ದಾಖಲೆ ಬೇಡವೇ ಎಂಬುದಷ್ಟೇ ಅವನ ಪ್ರಶ್ನೆಯಾಗಿದ್ದಿರಬೇಕು.

ಆ ಪ್ರಶ್ನೆ ನನ್ನದೂ ಹೌದು. ನಾನು ಹುಟ್ಟಿದ ಊರು ಸೂಪಾ. ಕಾಳಿ ಮತ್ತು ಪಾಂಡ್ರಿ ಹೊಳೆಗಳು ಕೂಡುವಲ್ಲಿ ಇದ್ದ ಊರು, ತಾಲೂಕಿಗೆ ಹೆಸರು ಕೊಟ್ಟ ಊರು. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಊರು ನೀರಿನಡಿ ಹೋಯಿತು, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ಜನರಲ್ಲಿ ಹಲವರು ರಾಮನಗರಕ್ಕೆ ಹೋದರು. ನಾವು ದಾಂಡೇಲಿಗೆ ಬಂದೆವು. ನಾನಾಗ ಹೈಸ್ಕೂಲಿನ ಹುಡುಗಿ.

ಆ ಕಾಲಕ್ಕೆ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಂದ ಹೆಸರಾಗಿದ್ದರು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದವರು. ಆದರೆ ನಮ್ಮಂಥವರ ಮನೆಗೆ ಕ್ಯಾಮರಾ ಬರುತ್ತಿದ್ದುದು ಮದುವೆಗೆ ಮಾತ್ರ. ಒಂದು ರೋಲಿಗೆ 36 ಚಿತ್ರ. ಅದರಲ್ಲಿ ಹಿತ್ತಲಿಗೆ ಒಂದನ್ನು ಖರ್ಚು ಮಾಡುವವರು ಯಾರು? ಸೂಪಾದ ನಮ್ಮ ಮನೆಯದೆಂದು ಉಳಿದಿರುವುದು ಒಂದೇ ಚಿತ್ರ, ಚಿಕ್ಕಪ್ಪನ ಮದುವೆಯದು. ಸಾಲಾಗಿ ನಿಂತ ಹದಿನೇಳು ಜನ, ಯಾರೂ ನಕ್ಕಿಲ್ಲ. ಆಯಿಯ ಹಿತ್ತಲು ಅದರಲ್ಲಿ ಇಲ್ಲ. ಎಡದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಒಂದು ಕೆಸುವಿನ ಎಲೆ ಇದೆ, ಅಷ್ಟೇ.

ತರಗತಿಯಲ್ಲಿ ನಾನು ಇತಿಹಾಸಕ್ಕೆ ಆಧಾರಗಳು ಬೇಕು ಎನ್ನುತ್ತೇನೆ: ಶಾಸನ, ನಾಣ್ಯ, ಕಾಗದಪತ್ರ. ನಮ್ಮ ಹಿತ್ತಲಿಗೆ ಯಾವ ಶಾಸನವಿದೆ? ಪರಿಹಾರದ ಕಾಗದದಲ್ಲಿ ಮನೆಯ ಅಳತೆ ಬಂತು, ಫಲ ಬಿಡುವ ಮರಗಳ ಲೆಕ್ಕ ಬಂತು. ಕೆಸು ಯಾರ ಲೆಕ್ಕಕ್ಕೂ ಬರಲಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿದವಳು ಆಯಿಯೊಬ್ಬಳೇ. ಲಾರಿಗೆ ಸಾಮಾನು ಹೇರುವ ದಿನ ಅವಳು ಗಡ್ಡೆಗಳನ್ನು ಮಣ್ಣಿನ ಸಮೇತ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಳು. "ಅಲ್ಲೇನು ಕೆಸು ಸಿಗೋದಿಲ್ಲವಾ?" ಎಂದು ಅಪ್ಪ ಗದರಿದ್ದು ನೆನಪಿದೆ. ಇಂದು ನಾನು ಫೋಟೊ ತೆಗೆಯುವುದು ಆ ಗಡ್ಡೆಗಳ ಸಂತಾನದ ಎಲೆಗಳನ್ನು. ಹಾಲಿನವನಿಗೆ "ಸಿಕ್ಕಿತು" ಎಂದದ್ದು ಇದಕ್ಕೇ.

ನೀರಿನ ಮೇಲೆ ನನಗೆ ಸಿಟ್ಟಿಲ್ಲ. ಸೂಪಾದ ಮೇಲೆ ನಿಂತ ನೀರು ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರಗಳನ್ನು ತಿರುಗಿಸಿ, ದಾಂಡೇಲಿಯ ಪಕ್ಕದಲ್ಲೇ ಹರಿದುಹೋಗುತ್ತದೆ. ನನ್ನ ಮೊಬೈಲು ಚಾರ್ಜಾಗುವುದರಲ್ಲಿ ಅದರ ಪಾಲೂ ಇದ್ದೀತು. ಅದಕ್ಕೇ ಪ್ರತಿ ಚಿತ್ರದ ಪ್ರತಿ ಹಾಕಿಸಿ, ಬೆನ್ನಿಗೆ ತಾರೀಖು ಬರೆದು, ಕೆಳಗೆ "ಕೆಸು, ಸೂಪಾದ್ದು" ಎಂದು ಬರೆದಿಡುತ್ತೇನೆ. ಮುಂದೆ ಯಾರಿಗಾದರೂ ಆಧಾರ ಬೇಕಾದರೆ ಇರಲಿ.

ಆವತ್ತಿನ ಚಿತ್ರವನ್ನು ಆಯಿಗೆ ತೋರಿಸಿದೆ. ಹನಿಯೊಳಗೆ ತಲೆಕೆಳಗಾಗಿ ನಿಂತ ತನ್ನನ್ನು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಮೆಚ್ಚುಗೆಯ ಒಂದು ಮಾತಿಗೆ ನಾನು ಕಾದೆ.

"ಫೋಟೊ ಆಯ್ತಲ್ಲ," ಎಂದಳು, "ಇನ್ನು ಎಲೆ ಕೊಯ್ದು ತಾ. ಪತ್ರೊಡೆಗೆ ಅಕ್ಕಿ ನೆನೆಹಾಕಿದ್ದೇನೆ."