ಯಾವ ದಿನದ ಬೆಲೆ? ನೌಕರರ ಷೇರು ಆಯ್ಕೆಯ ಖರ್ಚು: ಬಯೋಕಾನ್ ತೀರ್ಪಿನ ಮರುಓದು

ಬೆಂಗಳೂರಿನ ನಾಗರಬಾವಿಯಲ್ಲಿ ಕಾನೂನಿಗೆ ರಾಷ್ಟ್ರೀಯ ಕಾನೂನು ಶಾಲೆಯಿದೆ, ಅರ್ಥಶಾಸ್ತ್ರಕ್ಕೆ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಐಸೆಕ್ ಇದೆ. ಸಂಬಳದ ಜೊತೆ ನೌಕರನಿಗೆ ಮುಂದೆ ಅಗ್ಗದಲ್ಲಿ ಷೇರು ಕೊಳ್ಳುವ ಆಯ್ಕೆ ಕೊಟ್ಟರೆ ಅದು ಕಂಪನಿಗೆ ಖರ್ಚೇ ಎಂಬ ಪ್ರಶ್ನೆ ಈ ಎರಡು ಕಾಂಪೌಂಡುಗಳ ನಡುವೆ ಬೀಳುವಂಥದ್ದು. ಅದು ಕರ್ನಾಟಕದ ನ್ಯಾಯಾಲಯದ ಮುಂದೆ ಬಂದದ್ದು ಹೂಡಿಕೆ ಸಂಸ್ಥೆಯ ಮೂಲಕವಲ್ಲ, ಔಷಧ ತಯಾರಿಸುವ ಬಯೋಕಾನ್ ಮೂಲಕ.

ಬಯೋಕಾನ್ ತನ್ನ ನೌಕರರಿಗೆ 10 ರೂಪಾಯಿ ಮುಖಬೆಲೆಗೇ ಷೇರು ನೀಡಿತು. ಮಾರುಕಟ್ಟೆ ಬೆಲೆ 919 ರೂಪಾಯಿ ಎಂದು ಹಿಡಿದು, ನಡುವಿನ 909 ರೂಪಾಯಿಯನ್ನು ನಾಲ್ಕು ವರ್ಷಗಳಿಗೆ ಹಂಚಿ ಖರ್ಚು ಬರೆಯಿತು. ತೆರಿಗೆ ಇಲಾಖೆ ಒಪ್ಪಲಿಲ್ಲ: ಕಂಪನಿಯ ಕೈಯಿಂದ ಕಾಸು ಹೋಗಿಲ್ಲ, ಬರಬೇಕಿದ್ದ ಪ್ರೀಮಿಯಂ ಬರಲಿಲ್ಲ ಅಷ್ಟೆ, ಬಂದಿದ್ದರೆ ಬಂಡವಾಳವಾಗುತ್ತಿದ್ದದ್ದು ಬಾರದೆಹೋದಾಗ ವ್ಯಾಪಾರದ ಖರ್ಚಾಗುವುದು ಹೇಗೆ? ವಾದ ಹಗುರವಾದದ್ದೇನಲ್ಲ. ಆದರೂ 2013ರಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ ಅದನ್ನು ತಳ್ಳಿಹಾಕಿತು. ರಿಯಾಯಿತಿ ದುಡಿಮೆಗೆ ಕೊಟ್ಟ ಪ್ರತಿಫಲ. ನೌಕರ ದುಡಿದಂತೆಲ್ಲ ಹೊಣೆ ಹುಟ್ಟುತ್ತದೆ ಎಂದಿತು. ಆದಾಯ ತೆರಿಗೆ ಕಾಯ್ದೆಯ ಕಲಂ 37(1)ರ ಅಡಿ ಆ ಖರ್ಚಿನ ಕಡಿತವನ್ನು 2020ರ ನವೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು.

ನನ್ನ ಕುತೂಹಲ ಇರುವುದು ವಿಶೇಷ ಪೀಠದ ಮುಂದಿನ ಮಾತಿನಲ್ಲಿ. ನೌಕರ ಷೇರನ್ನು ನಿಜಕ್ಕೂ ಪಡೆದ ದಿನದ ಬೆಲೆ ಹೆಚ್ಚೋ ಕಡಿಮೆಯೋ ಆಗಿದ್ದರೆ, ಮೊದಲು ಬರೆದ ಖರ್ಚನ್ನು ಅದಕ್ಕೆ ಸರಿಹೊಂದಿಸಬೇಕು ಎಂದಿತು ಪೀಠ. ಲೆಕ್ಕಪತ್ರದ ಮಾನದಂಡ ಇಂಡ್ ಎಎಸ್ 102 ಹೇಳುವುದು ಬೇರೆ: ಆಯ್ಕೆ ಕೊಟ್ಟ ದಿನದ ನ್ಯಾಯಮೌಲ್ಯವೇ ಕಡೆತನಕ. ಹೀಗೆ ಒಂದೇ ಷೇರಿಗೆ ಎರಡು ಪುಸ್ತಕಗಳಲ್ಲಿ ಎರಡು ಖರ್ಚು.

ಹೂಡಿಕೆ ನಿರ್ವಹಣಾ ಕಂಪನಿಯಲ್ಲಿ ಈ ಬಿರುಕು ಇನ್ನೂ ಅಗಲವಾಗುತ್ತದೆ. ಅದರ ವರಮಾನ ನಿರ್ವಹಿಸುವ ಆಸ್ತಿಯ ಮೇಲಿನ ಶುಲ್ಕ. ಪೇಟೆ ಕುಸಿದರೆ ಶುಲ್ಕ ಕುಸಿಯುತ್ತದೆ, ಷೇರೂ ಕುಸಿಯುತ್ತದೆ. ಪೇಟೆಯ ಏರುಗಾಲದಲ್ಲಿ ಅಂದಿನ ಬೆಲೆಗೆ ಕೊಟ್ಟ ಆಯ್ಕೆ ಆಗ ನೌಕರನಿಗೆ ಕವಡೆ ಕಿಮ್ಮತ್ತಿನದು. ಆದರೂ ಏರುಗಾಲದ ಮೌಲ್ಯವೇ ಬಡ ವರ್ಷದ ಲಾಭ-ನಷ್ಟ ಪಟ್ಟಿಗೆ ಖರ್ಚಾಗಿ ಬಂದು ಕೂರುತ್ತದೆ.

ಷೇರುಪೇಟೆಯ ನಿಯಂತ್ರಕ ಸೆಬಿ 2021ರಲ್ಲಿ ಬೇರೆ ದಾರಿ ಹಿಡಿಯಿತು: ಮ್ಯೂಚುವಲ್ ಫಂಡ್ ಕಂಪನಿಯ ಪ್ರಮುಖ ನೌಕರರ ಸಂಬಳದ ಕನಿಷ್ಠ ಶೇ. 20ನ್ನು ಅವರೇ ನೋಡಿಕೊಳ್ಳುವ ಯೋಜನೆಗಳ ಯೂನಿಟ್‌ಗಳಾಗಿ, ಮೂರು ವರ್ಷ ಮಾರದಂತೆ, ಕೊಡಬೇಕೆಂದಿತು. (ನಂತರ ನಿಯಮ ಸಡಿಲವಾಯಿತು.) ಷೇರು ಆಯ್ಕೆ ನೌಕರನನ್ನು ಕಂಪನಿಯ ಶುಲ್ಕಕ್ಕೆ ಕಟ್ಟಿದರೆ, ಯೂನಿಟ್ ಅವನನ್ನು ಹೂಡಿಕೆದಾರನ ನಿವ್ವಳ ಆಸ್ತಿ ಮೌಲ್ಯಕ್ಕೆ, ಅಂದರೆ ಎನ್‌ಎವಿಗೆ ಕಟ್ಟುತ್ತದೆ. ಇಲ್ಲಿ ಕಂಪನಿಗೆ ಅದು ಬರೀ ಸಂಬಳ, ಬೆಲೆಯ ದಿನ ಹುಡುಕುವ ತಂಟೆಯಿಲ್ಲ.

ಇಷ್ಟಾದರೂ ಷೇರು ಆಯ್ಕೆಯ ಖರ್ಚನ್ನು ನಗದು ಹೋಗದ ಬಾಬತ್ತೆಂದು ಮತ್ತೆ ಕೂಡಿ 'ಹೊಂದಿಸಿದ ಲಾಭ' ತೋರಿಸುವ ಕಂಪನಿಗಳ ಚಾಳಿ ನಿಂತಿಲ್ಲ. ಬೆಂಗಳೂರಿನಲ್ಲಿ ಎರಡು ಬಾರಿ ಸೋತ ತೆರಿಗೆ ಇಲಾಖೆಯ ವಾದವೂ ಅದೇ ಆಗಿತ್ತು.